ಹಿಮದೊಳಗೆ ಕೂತವನು

ಅರಸೀಕೆರೆಯ ಕಾಲೇಜಿಗೆ ಕಂಪ್ಯೂಟರ್ ಬಂದದ್ದು ೧೯೮೬ರ ಮಳೆಗಾಲದಲ್ಲಿ. ಅದನ್ನು ಭೌತಶಾಸ್ತ್ರದ ಲ್ಯಾಬಿನ ಪಕ್ಕದ ಕೋಣೆಯಲ್ಲಿಟ್ಟು, ಧೂಳು ಕೂರದಂತೆ ಹಳೆಯ ಬೆಡ್‌ಶೀಟು ಹೊದಿಸಿ, ಬೀಗದ ಕೈಯನ್ನು ತ್ರಿಶಲಾಳಿಗೆ ಕೊಟ್ಟರು. ಅವಳು ಅಧ್ಯಾಪಕಿಯಾಗಿ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಒಂದಿಷ್ಟು ಪ್ರೋಗ್ರಾಮ್ ಬರೆದಿದ್ದಳು ಎನ್ನುವುದೇ ಅವಳ ಅರ್ಹತೆ. ಉಳಿದ ಅಧ್ಯಾಪಕರು ಬಂದು, ಟಿವಿಯಂಥ ಪರದೆಯ ಮೇಲೆ ತಮ್ಮ ಹೆಸರು ಮೂಡುವುದನ್ನು ನೋಡಿ, ನಕ್ಕು, ಮತ್ತೆ ಅತ್ತ ತಲೆ ಹಾಕಲಿಲ್ಲ.

ತಿರುಗಿ ತಿರುಗಿ ಬಂದವರು ಇಂದುಧರ ಒಬ್ಬರೇ. ಅವರು ಕಾಲೇಜಿನವರಲ್ಲ, ನಿವೃತ್ತ ಭೂವಿಜ್ಞಾನಿ. ಊರಾಚೆಯ ತೆಂಗಿನ ತೋಟದಲ್ಲಿ ತಂಗಿಯ ಮನೆಯವರ ಜೊತೆ ಇದ್ದರು. ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಲೈಬ್ರರಿಯಲ್ಲಿ ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಓದುತ್ತಿದ್ದ ಅವರು ಒಂದು ದಿನ ಬಾಗಿಲಲ್ಲಿ ನಿಂತು ಕೇಳಿದರು.

"ಇದರಲ್ಲಿ ಹಿಮ ಹರಿಸಬಹುದೇನಮ್ಮ?"

ತ್ರಿಶಲಾಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರು ಒಳಗೆ ಬಂದು ಕೂತು ವಿವರಿಸಿದರು. ಭೂಮಿಯ ತುದಿಯಲ್ಲಿ ಒಂದು ಇಡೀ ಖಂಡದ ಮೇಲೆ ಮೈಲಿಗಟ್ಟಲೆ ದಪ್ಪದ ಹಿಮ ಕೂತಿದೆ. ಮೇಲೆ ಹೊಸ ಹಿಮ ಬೀಳುತ್ತಲೇ ಇರುತ್ತದೆ, ಹಳೆಯದು ಅದರ ಭಾರಕ್ಕೆ ಕೆಳಕೆಳಕ್ಕೆ ಇಳಿದು, ಅಂಚಿನ ಕಡೆಗೆ ಸರಿದು, ಕೊನೆಗೆ ಕಡಲಿಗೆ ಬೀಳುತ್ತದೆ.

"ನೀರಿನ ಹಾಗೆ ಹರಿಯೋದಿಲ್ಲ. ಆಲೆಮನೇಲಿ ಬೆಲ್ಲದ ಪಾಕ ಆರ್ತಾ ಇರುವಾಗ ನೋಡಿದ್ದೀಯಲ್ಲ, ಹಾಗೆ. ನಿಂತಿದೆ ಅನ್ಸುತ್ತೆ. ನಿಂತಿರೋದಿಲ್ಲ."

ಅಂದಿನಿಂದ ಅವಳ ಪಾಠ ಶುರುವಾಯಿತು. ನೆಲವನ್ನು ಸಾಲು ಮನೆಗಳಾಗಿ ವಿಂಗಡಿಸಬೇಕು. ಪ್ರತಿ ಮನೆಗೂ ನೆಲದ ಎತ್ತರ, ಅದರ ಮೇಲಿನ ಹಿಮದ ದಪ್ಪ. ಪಕ್ಕದ ಮನೆಗಿಂತ ಎತ್ತರ ಎಷ್ಟು ಹೆಚ್ಚಿದೆ ಎಂದು ನೋಡಿ ಅಷ್ಟು ಹಿಮವನ್ನು ಆಚೆಗೆ ದಾಟಿಸಬೇಕು. ಎಲ್ಲ ಮನೆಗಳಿಗೂ ಹೀಗೆ ಮಾಡಿ ಮುಗಿಸಿದರೆ ಕಾಲದಲ್ಲಿ ಒಂದು ಹೆಜ್ಜೆ ಮುಂದೆ ಹೋದ ಹಾಗೆ. ಮತ್ತೆ ಮೊದಲಿಂದ. ಇಷ್ಟಾದ ಮೇಲೆ ಇಂದುಧರ ಇನ್ನೊಂದು ಸೇರಿಸುತ್ತಿದ್ದರು. ನೆಲದೊಳಗಿನ ಕಾವು, ಅದಾದ ಮೇಲೆ ಗಾಳಿಯ ಚಳಿ, ಅದಾದ ಮೇಲೆ ಕಡಲು. "ಯಾವುದನ್ನೂ ಬಿಡಿಯಾಗಿ ಎತ್ತಕ್ಕಾಗಲ್ಲ ಕಣಮ್ಮ. ಒಂದು ಎಳೆ ಜಗ್ಗಿದ್ರೆ ಇಡೀ ಸೀರೆ ಬರುತ್ತೆ" ಎನ್ನುತ್ತಿದ್ದರು.

ಕೈ ಪಳಗಲಿ ಎಂದು ಮೊದಲು ತಮ್ಮ ಊರಿನ ನೆಲದ ಮೇಲೇ ಹಿಮ ಹಾಕಿಸಿದರು. ಮಾಲೇಕಲ್ಲು ಬೆಟ್ಟದಿಂದ ಬೇಲೂರಿನ ತನಕ ನಕ್ಷೆಯಿಂದ ಎತ್ತರಗಳನ್ನು ತೆಗೆದು ಕೊಟ್ಟರು. ಕೋಟ್ಯಂತರ ವರ್ಷಗಳ ಹಿಂದೆ ಈ ನೆಲ ದಕ್ಷಿಣ ಧ್ರುವದ ಕಡೆ ಇದ್ದಾಗ ಇಲ್ಲೂ ಹಿಮ ಇತ್ತು ಎಂದರು. ಪರದೆಯ ಮೇಲೆ ಬಿಳಿ ಗೆರೆ ಏರುತ್ತ ಹೋಗಿ ಬೆಟ್ಟ ಮುಚ್ಚಿತು, ಹಳೇಬೀಡು ಮುಚ್ಚಿತು. ಆ ಸಂಜೆ ಬಸ್ಸಿನಲ್ಲಿ ಜಾವಗಲ್ ದಾಟುವಾಗ ತ್ರಿಶಲಾ ಕಿಟಕಿಯಿಂದ ಮೇಲಕ್ಕೆ ನೋಡಿದಳು. ಆಕಾಶ ಇರುವ ಕಡೆ ಹಿಮದ ಮೇಲ್ಮೈ ಎಲ್ಲಿ ಬರುತ್ತಿತ್ತು ಎಂದು ಅವಳಿಗೆ ಖಚಿತವಾಗಿ ಗೊತ್ತಿತ್ತು. ಬಸ್ಸು ಅದರ ಅಡಿಯಲ್ಲಿ ಹೋಗುತ್ತಿತ್ತು. ಕತ್ತು ತಾನಾಗಿಯೇ ಭುಜದೊಳಕ್ಕೆ ಕುಗ್ಗಿತು.

ಅವಳ ಮನೆ ಹಳೇಬೀಡಿನಲ್ಲಿ, ಬಸದಿಗಳ ಹತ್ತಿರ. ಜೈನರ ಮನೆ, ಕತ್ತಲಾದ ಮೇಲೆ ಊಟವಿಲ್ಲ. ಹೊತ್ತು ಮುಳುಗುವ ಮುಂಚೆ ಮನೆ ಸೇರಬೇಕಾದರೆ ಬೇಗ ಬಸ್ಸು ಹಿಡಿಯಬೇಕು. ಹಾಗಾಗಿ ಅವಳಿಗೆ ಸಿಗುತ್ತಿದ್ದದ್ದು ಶನಿವಾರದ ಮಧ್ಯಾಹ್ನ ಮತ್ತು ಭಾನುವಾರದ ಹಗಲು ಮಾತ್ರ. ಯಂತ್ರವೋ ನಿಧಾನ. ಬೇಗ ಮುಗಿಯಲಿ ಎಂದು ಅವಳು ಕಾಲದ ಹೆಜ್ಜೆಯನ್ನು ದೊಡ್ಡದು ಮಾಡಿಕೊಂಡಳು. ಒಂದೊಂದು ಹೆಜ್ಜೆಗೆ ಐವತ್ತು ವರ್ಷ.

ಇಂದುಧರ ಅಸಲು ಸಂಗತಿ ಹೇಳಿದ್ದು ದಸರಾ ರಜೆ ಮುಗಿದ ಮೇಲೆ. ಎಂಟು ವರ್ಷದ ಹಿಂದೆ ಹೊರದೇಶದ ಒಂದು ತಂಡದ ಜೊತೆ ಅವರು ಅಂಟಾರ್ಕ್ಟಿಕಾಕ್ಕೆ ಹೋಗಿದ್ದರು. ಹಿಮ ಕೊರೆಯುವ ಯಂತ್ರ ನೋಡಿಕೊಳ್ಳಲು ತಮ್ಮ ಕೈಕೆಳಗೆ ಬಹಳ ಕಾಲ ದುಡಿದಿದ್ದ ಮೆಕ್ಯಾನಿಕ್ ಒಬ್ಬನನ್ನು ಕರೆದುಕೊಂಡು ಹೋಗಿದ್ದರು. ಹಗರೆಯ ರೇವಣಸಿದ್ದಪ್ಪ.

"ಹಿಮದಲ್ಲಿ ಬಿರುಕುಗಳಿರ್ತವೆ. ಮೇಲೆ ತೆಳ್ಳಗೆ ಹಿಮ ಮುಚ್ಚಿರುತ್ತೆ, ಕಾಣೋದಿಲ್ಲ. ಕಾಲಿಟ್ಟ, ಹೋದ. ದೀಪ ಇಳಿಬಿಟ್ಟು ನೋಡಿದ್ವಿ. ಬಹಳ ಕೆಳಗೆ, ಒಂದು ಅಟ್ಟದ ಮೇಲೆ ಇದ್ದ ಹಾಗೆ ಕೂತಿದ್ದ. ಕಾಲು ಮಡಿಚಿಕೊಂಡು, ಕೈ ಮಡಿಲಲ್ಲಿ ಇಟ್ಕೊಂಡು. ನಮ್ಮವರನ್ನ ಸಮಾಧೀಲಿ ಕೂರಿಸ್ತಾರಲ್ಲ, ಥೇಟ್ ಹಂಗೆ. ಕೂಗಿದ್ರೆ ಅಲ್ಲಾಡಲಿಲ್ಲ. ಹಗ್ಗ ಸಾಲಲಿಲ್ಲ. ಗಾಳಿ ಎದ್ದಿತು, ಡೇರೆ ಒಳಗೆ ಸೇರ್ಕೊಂಡ್ವಿ. ಗಾಳಿ ನಿಂತ ಮೇಲೆ ಹೋಗಿ ನೋಡಿದ್ರೆ ಬಿರುಕೇ ಮುಚ್ಚಿಹೋಗಿತ್ತು."

ಕನ್ನಡಕ ಒರೆಸಿ ಹಾಕಿಕೊಂಡು ಮುಂದುವರಿಸಿದರು. "ಅವನ ಹೆಂಡತಿ ಸುಮಿತ್ರಮ್ಮ ಕೇಳ್ತಾಳೆ, ಈಗ ಎಲ್ಲವ್ರೆ ಅಂತ. ವರ್ಷಾ ವರ್ಷಾ ಹೋಗಿ ಹೇಳ್ತೀನಿ. ಆ ಜಾಗದಲ್ಲಿ ಹಿಮ ವರ್ಷಕ್ಕೆ ಒಂದು ತೆಂಗಿನ ಮರದುದ್ದ ಸರಿಯುತ್ತೆ. ಈ ಸಲ ಒಂದು ಮರ ಬಂದ್ರು ಕಣಮ್ಮ ಅಂತೀನಿ. ಮುಂದೆ ಎಲ್ಲಿಗೆ ಬರ್ತಾನೆ, ಹೆಂಗೆ ಬರ್ತಾನೆ, ಅದು ನನ್ನ ಕೈಯಲ್ಲಿ ಲೆಕ್ಕ ಹಾಕಕ್ಕಾಗಲ್ಲ. ಇದರಲ್ಲಿ ಆಗುತ್ತೆ."

ತ್ರಿಶಲಾ ಅಂಟಾರ್ಕ್ಟಿಕಾದ ಆ ಭಾಗದ ಎತ್ತರಗಳನ್ನು ತುಂಬಿಸಿದಳು. ಬಿರುಕು ಇದ್ದ ಮನೆಯಲ್ಲಿ, ಮೇಲ್ಮೈಯಿಂದ ರೇವಣಸಿದ್ದಪ್ಪ ಕೂತಿದ್ದಷ್ಟು ಕೆಳಗೆ, ಒಂದು ಚುಕ್ಕಿ ಇಟ್ಟಳು. ಪ್ರತಿ ಹೆಜ್ಜೆಗೂ ಹಿಮದ ಜೊತೆ ಚುಕ್ಕಿ ಸರಿಯಬೇಕು.

ಓಡಿಸಿದಾಗ ಬಿಳಿ ಗೆರೆ ಮೊದಲು ನಯವಾಗಿಯೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಅದರಲ್ಲಿ ಗರಗಸದಂಥ ಹಲ್ಲುಗಳು ಮೂಡಿದವು. ಒಂದು ಮನೆ ಮೇಲೆ, ಪಕ್ಕದ್ದು ಕೆಳಗೆ. ಮುಂದಿನ ಹೆಜ್ಜೆಗೆ ಅದಲುಬದಲು. ಚುಕ್ಕಿ ಮುಂದೆ ಸಾಗದೆ ಮೇಲಕ್ಕೂ ಕೆಳಕ್ಕೂ ಕುಣಿಯಿತು. ಹಿಮ ಒರಟಾಗಿರುವುದರಿಂದ ಹೀಗೆ ಇರಬಹುದು, ತಾನೇ ಸರಿಹೋದೀತು ಎಂದುಕೊಂಡು ಅವಳು ಎರಡು ಮೂರು ವಾರ ಹಾಗೆಯೇ ಓಡಲು ಬಿಟ್ಟಳು. ಇಂದುಧರರಿಗೆ ಪರದೆಯ ಸಣ್ಣ ಗೆರೆಗಳು ಕಾಣುತ್ತಿರಲಿಲ್ಲ.

ಕಾರ್ತಿಕದಲ್ಲಿ ಇಬ್ಬರೂ ಹಗರೆಗೆ ಹೋದರು. ಸುಮಿತ್ರಮ್ಮನ ಮನೆ ದೊಡ್ಡ ರಸ್ತೆಯಿಂದ ಒಳಕ್ಕೆ, ಡೈರಿಯ ಹಿಂದೆ. ಎರಡು ಹಸು, ಒಂದು ಎಮ್ಮೆ. ಹಣೆಯ ವಿಭೂತಿಯ ಕೆಳಗೆ ಕುಂಕುಮ ಹಾಗೇ ಇತ್ತು. ಗಂಡನ ಕೊನೆ ಕಾಣದೆ ಕುಂಕುಮ ಅಳಿಸುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಳಂತೆ.

"ಈ ವರ್ಷ ಎಷ್ಟು ಬಂದ್ರು, ಇಂದುಧರಪ್ನೋರೆ?"

"ಒಂದು ಮರ ಬಂದ್ರು, ಸುಮಿತ್ರಮ್ಮ."

ಅವಳು ತಲೆಯಾಡಿಸಿ ಒಳಗಿನಿಂದ ಹಾಲು ಕಾಯಿಸಿ ತಂದುಕೊಟ್ಟಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ಒಂದು ಮಾತು ಕೇಳ್ಬೇಕಿತ್ತು. ಎಂಟು ವರ್ಸದಿಂದ ಕನಸಲ್ಲೂ ಬರ್ದೆ ಇದ್ದೋರು ಈಗ ಬತ್ತಾವ್ರೆ. ನಿದ್ದೇಲಲ್ಲ, ಹಾಡುಹಗಲಲ್ಲಿ. ಹಾಲು ಕರೀತಾ ಕೂತಿದ್ರೂ ಬತ್ತೈತೆ. ಯಾರೋ ಅವ್ರನ್ನ ಮ್ಯಾಕೆ ಎತ್ತಿ ಎಸೀತಾರೆ, ಕೆಳಕ್ಕೆ ಜಪ್ತಾರೆ. ಮ್ಯಾಕೆ, ಕೆಳಕ್ಕೆ. ಕೂತ ಮನುಸ ಕೂತಂಗೇ. ಬಾಯಿ ಬುಡೋಕೂ ಬುಡುವಿಲ್ಲ. ಅಲ್ಲಿ ಏನಾರ ಭೂಕಂಪ ಗೀಕಂಪ ಆಗೈತಾ?"

ತ್ರಿಶಲಾ ಲೋಟ ಕೆಳಗಿಟ್ಟಳು. "ಯಾವಾಗ ಹೀಗಾಗುತ್ತೆ?" ಎಂದಳು.

"ಶನಿವಾರ ಊಟ ಆದ್ಮ್ಯಾಲೆ. ಭಾನುವಾರವಂತೂ ದಿನ ಪೂರ್ತಿ. ಹೊತ್ತು ಇಳಿಯೋ ಮುಂಚೆ ನಿಂತೋಯ್ತದೆ."

ವಾಪಸು ಬರುವಾಗ ಬಸ್ಸಿನಲ್ಲಿ ತ್ರಿಶಲಾ ಪರದೆಯಲ್ಲಿ ಕಂಡ ಹಲ್ಲುಗಳ ವಿಷಯ ಹೇಳಿದಳು. ಇಂದುಧರ ಮೇಷ್ಟರ ದನಿಯಲ್ಲೇ, "ಅದು ಹಿಮದ ಗುಣ ಅಲ್ಲಮ್ಮ. ಹೆಜ್ಜೆ ದೊಡ್ಡದಾಯ್ತು. ಒಂದೇ ಹೆಜ್ಜೆಗೆ ಆಚೆ ಮನೆಗೆ ಹೋಗಬೇಕಾದ್ದಕ್ಕಿಂತ ಜಾಸ್ತಿ ಹಿಮ ಹೋಗುತ್ತೆ. ಮುಂದಿನ ಹೆಜ್ಜೇಲಿ ಅದಕ್ಕಿಂತ ಜಾಸ್ತಿ ವಾಪಸು ಬರುತ್ತೆ. ತೂಗಾಟ ಬೆಳೀತಾ ಹೋಗುತ್ತೆ" ಎಂದರು.

"ಅದು ಸರಿ ಸಾರ್. ಸುಮಿತ್ರಮ್ಮ ಹೇಳಿದ್ದು?"

ಪರೀಕ್ಷೆ ಮಾಡೋಣ ಎಂದವಳು ತ್ರಿಶಲಾಳೇ. ಬುಧವಾರ ರಜೆ ಹಾಕಿ ತಾನು ಹಗರೆಯಲ್ಲಿ ಕೂರುವುದು, ಅದೇ ಪ್ರೋಗ್ರಾಮನ್ನು ಇಂದುಧರ ಕಾಲೇಜಿನಲ್ಲಿ ಓಡಿಸುವುದು. "ಯಾವಾಗ ಶುರು ಮಾಡ್ತೀರಿ ಅಂತ ನನಗೆ ಹೇಳಬೇಡಿ. ಗಡಿಯಾರ ನೋಡಿ ಗುರುತಿಟ್ಕೊಳ್ಳಿ, ಸಾಕು."

ಆ ಬುಧವಾರ ಬಿಸಿಲು ಚೆನ್ನಾಗಿತ್ತು. ಸುಮಿತ್ರಮ್ಮ ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ತ್ರಿಶಲಾ ಎದುರಿಗೆ ಕೂತು ತಾನೂ ಬಿಡಿಸಿದಳು. ಬುಧವಾರ ಯಾವತ್ತೂ ಹಾಗೆ ಆಗಿಲ್ಲ ಎಂದು ಸುಮಿತ್ರಮ್ಮ ನಿರಾಳವಾಗಿದ್ದಳು. ಪಕ್ಕದ ಮನೆಯಲ್ಲಿ ರೇಡಿಯೊ ಹಾಡುತ್ತಿತ್ತು. ಎಮ್ಮೆಯ ಗಬ್ಬಕ್ಕೆ ಆರು ತಿಂಗಳು ತುಂಬಿದ ವಿಷಯ, ಡೈರಿಯಲ್ಲಿ ಹಾಲಿನ ಡಿಗ್ರಿ ನೋಡುವವನ ಜಗಳ, ಇವನ್ನೆಲ್ಲ ಹೇಳುತ್ತಿದ್ದವಳು ಒಂದು ಮಾತಿನ ನಡುವೆ ನಿಂತಳು. ಬೆರಳುಗಳ ಸಂದಿಯಿಂದ ಕಾಳು ಉದುರಿದವು. ಬೆನ್ನು ನೆಟ್ಟಗಾಯಿತು.

"ಶುರುವಾಯ್ತು" ಎಂದಳು, ಯಾರಿಗೋ ಸುದ್ದಿ ಹೇಳುವವಳಂತೆ.

ಮುಂದೆ ಅವಳು ಮಾತಾಡಿದ್ದು ತನ್ನ ದನಿಯಲ್ಲೇ. ಆದರೆ ಒಂದೊಂದು ಪದಕ್ಕೂ ಅವಳ ಕಣ್ಣು ಏರಿ ಇಳಿಯುತ್ತಿತ್ತು. "ಮ್ಯಾಕೆ. ಕೆಳಕ್ಕೆ. ಮ್ಯಾಕೆ. ಕೆಳಕ್ಕೆ. ಇನ್ನೂ ಮ್ಯಾಕೆ, ಆಕಾಸ ಕಾಣ್ತೈತೆ. ಕೆಳಕ್ಕೆ, ಕಲ್ಲು ತಾಗ್ತು..." ಏರಿಳಿತ ಹಿಗ್ಗುತ್ತಾ ಹೋಯಿತು. ತ್ರಿಶಲಾ ಅವಳ ಎರಡೂ ಕೈ ಹಿಡಿದುಕೊಂಡಳು. ಬಿಸಿಲಲ್ಲಿ ಕೂತವಳ ಕೈ ಬಾವಿಯ ಕಲ್ಲಿನಷ್ಟು ತಣ್ಣಗಿತ್ತು. ಕೊಟ್ಟಿಗೆಯಲ್ಲಿ ಹಸುಗಳು ಮೆಲುಕು ಹಾಕುವುದನ್ನು ನಿಲ್ಲಿಸಿ ಇತ್ತ ತಿರುಗಿದ್ದವು.

ಇದ್ದಕ್ಕಿದ್ದಂತೆ ಸುಮಿತ್ರಮ್ಮ ಸುಮ್ಮನಾದಳು. ಕಣ್ಣು ಮೇಲಿದ್ದಲ್ಲೇ ಉಳಿಯಿತು.

"ಕತ್ತಲು" ಎಂದಳು. "ಎಲ್ಲಾ ನಿಂತೋಯ್ತು. ಅರ್ಧದಲ್ಲೇ ತೂಗಾಡ್ತಾ ನಿಂತವ್ರೆ."

ಪಕ್ಕದ ಮನೆಯ ರೇಡಿಯೊ ಹಾಡುತ್ತಲೇ ಇತ್ತು. ತ್ರಿಶಲಾ ಗಡಿಯಾರ ನೋಡಿಕೊಂಡಳು.

ಮರುದಿನ ಕಾಲೇಜಿನಲ್ಲಿ ಇಂದುಧರ ಅವಳಿಗಾಗಿ ಕಾಯುತ್ತಿದ್ದರು. ಅವರು ಶುರು ಮಾಡಿದ ಹೊತ್ತೂ ಸುಮಿತ್ರಮ್ಮ ಮಾತು ನಿಲ್ಲಿಸಿದ ಹೊತ್ತೂ ಒಂದೇ ಆಗಿತ್ತು. "ಆಮೇಲೆ ನೀವೇ ನಿಲ್ಲಿಸಿದ್ರಾ?" ಎಂದು ಕೇಳಿದಳು.

"ಇಲ್ಲಮ್ಮ. ಕರೆಂಟ್ ಹೋಯ್ತು."

ಇಬ್ಬರೂ ಯಂತ್ರಕ್ಕೆ ಬೆಡ್‌ಶೀಟು ಹೊದಿಸಿ ಬೀಗ ಹಾಕಿದರು. ಆ ಶನಿವಾರ ತ್ರಿಶಲಾ ಮಧ್ಯಾಹ್ನದ ಬಸ್ಸಿಗೇ ಮನೆಗೆ ಹೋದಳು. ಮುಂದಿನ ಶನಿವಾರವೂ ಹೋದಳು. ಮಾಡಿದ ಹಿಂಸೆ ನಿಂತಿತಲ್ಲ ಎಂದು ಮನಸ್ಸಿಗೆ ಹೇಳಿಕೊಂಡಳು. ಬಸದಿಗೆ ಹೋದಾಗ ಹೊಳೆಯುವ ಕರಿಗಂಬದಲ್ಲಿ ತನ್ನ ಬಿಂಬ ಉದ್ದಕ್ಕೆ ಎಳೆದ ಹಾಗೆ ಕಂಡಿತು. ಚಿಕ್ಕವಳಾಗಿದ್ದಾಗಿನಿಂದ ನೋಡಿದ್ದ ಕಂಬವೇ. ಆದರೆ ಅಂದು ಅಲ್ಲಿ ನಿಲ್ಲಲಾಗಲಿಲ್ಲ.

ಮೂರನೆಯ ವಾರ ಸುಮಿತ್ರಮ್ಮ ತಾನೇ ಕಾಲೇಜಿಗೆ ಬಂದಳು. ಕೇಳಿ ಕೇಳಿ ಲ್ಯಾಬು ಹುಡುಕಿಕೊಂಡು ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಇಂದುಧರರೂ ಅಲ್ಲೇ ಇದ್ದರು.

"ಮೇಡಮ್ನೋರೆ, ಅವತ್ತು ನೀವು ಸುಮ್ಕೆ ಬಂದಿರ್ಲಿಲ್ಲ. ನನ್ನ ಕೈ ಹಿಡ್ಕಂಡು ಗಡಿಯಾರ ನೋಡಿದ್ರಿ. ಏನು ಅಂತ ಹೇಳ್ಬುಡಿ."

ತ್ರಿಶಲಾ ಹೊದಿಕೆ ತೆಗೆದು ಯಂತ್ರ ಹಚ್ಚಿ, ಓಡಿಸದೆ ಚಿತ್ರ ಮಾತ್ರ ತೋರಿಸಿದಳು. ಇದು ಹಿಮ, ಇದು ನೆಲ, ಇದು ಕಡಲು. ಈ ಚುಕ್ಕಿ ಅವರು. ನಾನು ಹೆಜ್ಜೆ ತಪ್ಪು ಹಾಕಿದ್ದರಿಂದ ಹೀಗಾಯಿತು, ಈಗ ನಿಲ್ಲಿಸಿದ್ದೇನೆ ಎಂದಳು. ಸುಮಿತ್ರಮ್ಮ ಅಚ್ಚರಿಪಡಲಿಲ್ಲ, ಬೈಯಲೂ ಇಲ್ಲ. ಪರದೆಯ ಹತ್ತಿರ ಬಗ್ಗಿ ಚುಕ್ಕಿಯನ್ನು ನೋಡಿದಳು. ಮುಟ್ಟಲು ಹೋದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು.

"ನಿಲ್ಸಿದ್ದಕ್ಕೇ ಬಂದೆ ಕಣವ್ವ. ಕರೆಂಟ್ ಹೋದ್ಮ್ಯಾಲೆ ಕತ್ತಲಾಯ್ತಲ್ಲ, ಅದು ಇವತ್ತಿನವರ್ಗೂ ಹೋಗಿಲ್ಲ. ಅಲ್ಲೇ ತೂಗಾಡ್ತಾವ್ರೆ. ಹಗಲೂ ಅದೇ, ರಾತ್ರೀನೂ ಅದೇ. ಕಣ್ಣು ಮುಚ್ಚಿದ್ರೂ ಅದೇ, ಬುಟ್ರೂ ಅದೇ. ಕರ್ಕಂಡು ಹೊಂಟಿದೀರಿ, ಮುಟ್ಟಿಸ್ಬುಡಿ."

"ಎಷ್ಟು ದೂರ ಅಂತ ಗೊತ್ತಾ ಸುಮಿತ್ರಮ್ಮ?" ಎಂದರು ಇಂದುಧರ. "ಕಡಲಿಗೆ ಬರೋದಕ್ಕೆ ಸಾವಿರಾರು ವರ್ಷ ಬೇಕು. ಆಗ ಈ ಊರೂ ಇರಲ್ಲ, ಭಾಷೇನೂ ಇರಲ್ಲ."

"ಆ ಮಿಸಿನ್ನಾಗೆ ಎಷ್ಟು ದಿವಸ?"

"ಸಣ್ಣ ಹೆಜ್ಜೇಲಿ ಹೋದ್ರೆ ಎರಡು ಮೂರು ತಿಂಗಳಾಗಬಹುದು" ಎಂದಳು ತ್ರಿಶಲಾ. ಆಮೇಲೆ, ಹೇಳಲೋ ಬೇಡವೋ ಎನ್ನುತ್ತಲೇ, "ಇನ್ನೂ ಬೇಗ ಆಗೋ ದಾರಿ ಒಂದಿದೆ" ಎಂದಳು.

ಇಂದುಧರ ಅವಳ ಕಡೆ ತಿರುಗಿದರು. ಅವಳು ಏನು ಹೇಳುತ್ತಾಳೆಂದು ಅವರಿಗೆ ಗೊತ್ತಿತ್ತು. ಕಾರ್ಖಾನೆಗಳ ಹೊಗೆಯಿಂದ ಗಾಳಿ ಬಿಸಿಯಾಗುತ್ತದೆ, ಕಡಲೂ ಬಿಸಿಯಾಗುತ್ತದೆ ಎಂದು ಆಗೀಗ ಪತ್ರಿಕೆಗಳಲ್ಲಿ ಬರುತ್ತಿತ್ತು. ಅವರೇ ಅವಳಿಗೆ ಓದಿಸಿದ್ದರು. ಪ್ರೋಗ್ರಾಮಿನಲ್ಲಿ ಕಡಲ ಕಾವಿಗೆ ಒಂದು ಸಂಖ್ಯೆ ಇತ್ತು. ಅದನ್ನು ಒಂದಿಷ್ಟು ಏರಿಸಿದರೆ ಹಿಮದ ಅಂಚು ತೆಳ್ಳಗಾಗಿ ಒಡೆಯುತ್ತದೆ, ಹಿಂದಿನ ಹಿಮ ಬೇಗ ಬೇಗ ಜಾರುತ್ತದೆ. ದಾರಿ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ತ್ರಿಶಲಾ ಇದನ್ನು ಸುಮಿತ್ರಮ್ಮನಿಗೆ ತಿಳಿಯುವ ಹಾಗೆ ಹೇಳಿದಳು.

"ಕಡಲು ಬಿಸಿ ಆದ್ರೆ ನಮ್ಮ ಕಡೆ ಮಳೆ?"

"ಅದೂ ಬದಲಾಗುತ್ತೆ. ಹೇಗೆ ಅಂತ ಹೇಳಕ್ಕಾಗಲ್ಲ."

ಚುಕ್ಕಿ ಅಲ್ಲಾಡಿದರೆ ಮನುಷ್ಯ ಅಲ್ಲಾಡುತ್ತಾನೆ. ಹಾಗಾದರೆ ಆ ಸಂಖ್ಯೆ ಏರಿಸಿದರೆ ಏನು ಏರುತ್ತದೆ ಎಂದು ಮೂವರಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ತ್ರಿಶಲಾ ಕೀಲಿಮಣೆಯ ಮೇಲಿದ್ದ ಕೈಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಅದು ಬ್ಯಾಡ ಕಣವ್ವ" ಎಂದಳು ಸುಮಿತ್ರಮ್ಮ. "ಅವ್ರು ಯಾರ್ಗೂ ತೊಂದ್ರೆ ಕೊಟ್ಟೋರಲ್ಲ. ನಿಧಾನವಾಗೇ ಬರ್ಲಿ."

ಆ ಸಂಜೆ ಊಟಕ್ಕೆ ಕೂತಾಗ ತ್ರಿಶಲಾ ತಂದೆ ಪದ್ಮಣ್ಣನವರಿಗೆ ಎಲ್ಲವನ್ನೂ ಹೇಳಿದಳು. ನಕ್ಕುಬಿಡುತ್ತಾರೆ ಎಂದುಕೊಂಡಿದ್ದಳು. ಅವರು ನಗಲಿಲ್ಲ.

"ಸಾವಿರಾರು ವರ್ಷ ಅಂತ ಗಾಬರಿಯಾಗ್ತೀಯಲ್ಲ. ಈಗ ನಡೀತಿರೋ ಪಂಚಮ ಕಾಲ ಇಪ್ಪತ್ತೊಂದು ಸಾವಿರ ವರ್ಷ ಅಂತ ನಾವು ದಿನಾ ಹೇಳ್ತೀವಿ. ಅದರಲ್ಲಿ ಎರಡೂವರೆ ಸಾವಿರ ಕಳೀತು. ನಿನ್ನ ಲೆಕ್ಕದ ಮನುಷ್ಯ ಅದು ಮುಗಿಯೋದ್ರೊಳಗೇ ಕಡಲು ಸೇರ್ತಾನೆ."

"ನಾನು ಮುಂದುವರಿಸಬಹುದಾ ಅಪ್ಪಾಜಿ? ತಪ್ಪಾಗಲ್ವಾ?"

ಪದ್ಮಣ್ಣ ಎಲೆಯ ಮೇಲಿನ ಕೊನೆಯ ತುತ್ತನ್ನು ಬಾಯಿಗಿಟ್ಟುಕೊಂಡು, ಕಿಟಕಿಯಾಚೆ ಬೆಳಕು ಎಷ್ಟಿದೆ ಎಂದು ನೋಡಿ, ನೀರು ಕುಡಿದರು. "ಒಂದು ಜೀವಾನ ಅಲ್ಲಾಡಿಸಿಯಾಗಿದೆ ಮಗಾ. ಇನ್ನು ಜೋಪಾನವಾಗಿ ಇಳಿಸಬೇಕು. ಅವಸರ ಮಾಡಬೇಡ."

ಅವಳು ಮೊದಲಿನಿಂದ ಶುರು ಮಾಡಲಿಲ್ಲ. ಇಂದುಧರ ಗುರುತಿಟ್ಟ ಹೊತ್ತಿನಿಂದ ಲೆಕ್ಕ ಹಾಕಿ, ಕರೆಂಟ್ ಹೋದ ಜಾಗಕ್ಕೆ ಹೊಂದುವಂತೆ ಚುಕ್ಕಿಯನ್ನು ಕೂರಿಸಿ, ಹಲ್ಲುಹಲ್ಲಾಗಿದ್ದ ಹಿಮವನ್ನು ತಾನಾಗಿಯೇ ಸಮನಾಗಲು ಬಿಟ್ಟಳು. ಹೆಜ್ಜೆಗೆ ಒಂದೇ ವರ್ಷ. ಮೊದಲ ಮಧ್ಯಾಹ್ನವೇ ಗೆರೆ ನಯವಾಯಿತು. ಅದರ ಮರುದಿನ ಹಗರೆಯಿಂದ ಡೈರಿಯ ಹಾಲಿನ ವ್ಯಾನಿನವನ ಕೈಯಲ್ಲಿ ಸುಮಿತ್ರಮ್ಮ ಹೇಳಿ ಕಳಿಸಿದಳು, ಬೆಳಕಾಯಿತು, ಕೂತಿದ್ದಾರೆ, ಅಲ್ಲಾಟವಿಲ್ಲ ಎಂದು.

ಹೀಗೆ ಚಳಿಗಾಲವೆಲ್ಲ ನಡೆಯಿತು. ಕಾಲೇಜು ಬಿಟ್ಟ ಮೇಲೆ ಬಸ್ಸಿನ ಹೊತ್ತಿನ ತನಕ, ಶನಿವಾರ, ಭಾನುವಾರ. ಕರೆಂಟ್ ಹೋಗುವ ಸೂಚನೆ ಕಂಡರೆ ಸಾಕು, ಇಂದುಧರ ಯಂತ್ರಕ್ಕೆ ಜೋಡಿಸಿದ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕುತ್ತಿದ್ದರು. ಅಲ್ಲಿಯವರೆಗಿನದನ್ನು ಅದರಲ್ಲಿ ಉಳಿಸಿ, ಚುಕ್ಕಿಯನ್ನು ಹಿಮದ ನಡುವೆ ಸಮಾಧಾನವಾಗಿ ನಿಲ್ಲಿಸಿ ಯಂತ್ರ ಆರಿಸುತ್ತಿದ್ದರು. ಕ್ಯಾಸೆಟ್ಟು ತುಂಬುವಾಗ ಬರುವ ಕೀರಲು ಸದ್ದನ್ನು ತ್ರಿಶಲಾ ಯಾವತ್ತೂ ಪೂರ್ತಿ ಕೇಳಲಿಲ್ಲ. ಅದರೊಳಗೆ ಉಸಿರಿನ ಲಯದಂಥದ್ದು ಏನೋ ಇದೆ ಎನಿಸಿ ಹೊರಗೆ ಹೋಗಿ ನಿಲ್ಲುತ್ತಿದ್ದಳು.

ಸುಮಿತ್ರಮ್ಮನಿಂದ ಸುದ್ದಿ ಬರುತ್ತಲೇ ಇತ್ತು. ತಲೆಯ ಮೇಲೆ ಬಿಳಿ ಹೋಗಿ ನೀಲಿಯಾಗಿದೆ. ಮೈ ಅಗಲವಾಗುತ್ತಿದೆ, ನೋವಿಲ್ಲ. ತ್ರಿಶಲಾ ಪರದೆ ನೋಡುತ್ತಿದ್ದಳು. ಆಳಕ್ಕೆ ಇಳಿದ ಹಿಮದ ಪದರಗಳು ಮೇಲಿನ ಭಾರಕ್ಕೆ ತೆಳ್ಳಗಾಗುತ್ತ ಉದ್ದಕ್ಕೆ ಎಳೆಯುತ್ತಿದ್ದವು. ಇನ್ನಷ್ಟು ದಿನ ಕಳೆದು, ಕೆಳಗಿನಿಂದ ಕಾವು ಬರುತ್ತಿದೆಯಂತೆ, ಚಳಿ ಕಮ್ಮಿಯಾಗಿದೆಯಂತೆ ಎಂದು ಸುದ್ದಿ. ಚುಕ್ಕಿ ಅಷ್ಟು ಹೊತ್ತಿಗೆ ನೆಲದ ಹತ್ತಿರ, ಭೂಮಿಯ ಒಳಕಾವು ತಾಗುವ ಕಡೆ ಬಂದಿತ್ತು. ಸುಮಿತ್ರಮ್ಮನ ಮುಖ ಈಗ ಗೆಲುವಾಗಿದೆ, ಹಾಲು ಕರೆಯುವಾಗ ಒಬ್ಬಳೇ ಮಾತಾಡುತ್ತಾಳೆ ಎಂದು ವ್ಯಾನಿನವನು ಹೇಳಿದ.

ಶಿವರಾತ್ರಿ ಕಳೆದ ಮೇಲಿನ ಒಂದು ಶನಿವಾರ ಚುಕ್ಕಿ ನೆಲ ಮುಗಿಯುವ ಗೆರೆ ದಾಟಿತು. ಅಲ್ಲಿಂದ ಮುಂದೆ ಹಿಮ ಕಡಲ ಮೇಲೆ ತೇಲುತ್ತದೆ. ಆ ದಿನದ ಸುದ್ದಿಯನ್ನು ವ್ಯಾನಿನವನು ಗೊಂದಲದಿಂದಲೇ ಒಪ್ಪಿಸಿದ. "ಏನೋ ಸದ್ದು ಕೇಳಿಸ್ತಾ ಐತಂತೆ. ನಮ್ಮೆಮ್ಮೆ ಮೆಲುಕು ಹಾಕ್ದಂಗೆ, ಆದ್ರೆ ಊರಗಲ ಅಂತೆ. ಅದೇನು ಅಂತ ಕೇಳ್ಕಂಡು ಬಾ ಅಂದ್ಲು." ಸುಮಿತ್ರಮ್ಮ ಸಮುದ್ರ ನೋಡಿದವಳಲ್ಲ.

ಮರುದಿನ ಭಾನುವಾರ. ಕರೆಂಟ್ ಬೆಳಗಿನಿಂದ ಹೋಗಿರಲಿಲ್ಲ. ಇಂದುಧರ ಕಣ್ಣು ಕಾಣದಿದ್ದರೂ ಪರದೆಯ ಮುಂದೆಯೇ ಕುರ್ಚಿ ಹಾಕಿಕೊಂಡಿದ್ದರು. ತ್ರಿಶಲಾ ಚುಕ್ಕಿ ಎಲ್ಲಿದೆ ಎಂದು ಅವರಿಗೆ ಹೇಳುತ್ತಿದ್ದಳು. ಮಧ್ಯಾಹ್ನದ ಬಿಸಿಲು ನೆತ್ತಿಯಿಂದ ಇಳಿದಾಗ ಚುಕ್ಕಿ ಕೊನೆಯ ಮನೆಗೆ ಬಂತು, ಅಂಚಿನಲ್ಲಿ ಒಂದು ಗಳಿಗೆ ನಿಂತಿತು, ಆಮೇಲೆ ಕಾಣಲಿಲ್ಲ. ಪ್ರೋಗ್ರಾಮ್ ತಾನಾಗಿ ನಿಂತು, ಕೇಳಿದ ಮನೆ ಪಟ್ಟಿಯಲ್ಲಿ ಇಲ್ಲವೆಂದು ಇಂಗ್ಲಿಷಿನಲ್ಲಿ ಒಂದು ಸಾಲು ತೋರಿಸಿತು.

"ಹೋದ್ನಾ?" ಎಂದರು ಇಂದುಧರ.

"ಹೋದರು ಸಾರ್."

ಅವರು ಕನ್ನಡಕ ತೆಗೆದು ಎರಡೂ ಅಂಗೈಯಿಂದ ಮುಖ ಒರೆಸಿಕೊಂಡರು. ಇಬ್ಬರೂ ಸಿಕ್ಕಿದ ಬಸ್ಸು ಹತ್ತಿ ಹಗರೆಗೆ ಹೊರಟರು.

ಸುಮಿತ್ರಮ್ಮ ಒದ್ದೆ ತಲೆಯಲ್ಲಿ ಜಗುಲಿಯ ಮೇಲೆ ಕೂತಿದ್ದಳು. ಹಣೆಯಲ್ಲಿ ವಿಭೂತಿ ಮಾತ್ರ ಇತ್ತು. ಎರಡೂ ಹಸುಗಳು ಹಗ್ಗ ಕಿತ್ತುಕೊಂಡು ಬಂದು ಮನೆಯ ಹೊಸ್ತಿಲನ್ನು ನೆಕ್ಕುತ್ತಿದ್ದವು. ಓಡಿಸಿದರೂ ಹೋಗುತ್ತಿರಲಿಲ್ಲ. ಕಲ್ಲಿನ ಹೊಸ್ತಿಲು ಉದ್ದಕ್ಕೂ ಬೆಳ್ಳಗಾಗಿತ್ತು, ಒಳಗಡೆಯ ನೆಲದ ಮೇಲೂ ಒಂದಿಷ್ಟು ದೂರ ಆ ಬಿಳುಪು ಹೋಗಿತ್ತು, ಒದ್ದೆ ಕಾಲಿನವರು ಒಳಗೆ ಬಂದು ಕೂತ ಹಾಗೆ.

ತ್ರಿಶಲಾ ಬಗ್ಗಿ ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿಕೊಂಡಳು. ಉಪ್ಪು.

ಇಂದುಧರ ಮಂಡಿಯೂರಿ ಕೈಯಾಡಿಸಿ ನೋಡಿದರು. "ಚೌಳು ಇರಬಹುದು. ಹಳೇ ಕಲ್ಲು, ನೆಲದಿಂದ ಎಳೆಯುತ್ತೆ" ಎಂದರು. ಹೇಳಿ ಮುಗಿಸಿದ ಮೇಲೂ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.

"ಬಂದಿದ್ರಾ?" ಎಂದು ತ್ರಿಶಲಾ ಮೆಲ್ಲಗೆ ಕೇಳಿದಳು.

"ಬಂದು ಕೂತ್ರು. ಮಾತಾಡ್ಲಿಲ್ಲ. ಉಸ್ಸಪ್ಪಾ ಅಂದ್ರು, ಅಷ್ಟೇ" ಎಂದಳು ಸುಮಿತ್ರಮ್ಮ.

ಮೂರು ದಿನ ಬಿಟ್ಟು ಮಠದಿಂದ ಅಯ್ಯನವರನ್ನು ಕರೆಸಿದರು. ಊರಾಚೆಯ ಸ್ವಂತ ಹೊಲದಲ್ಲಿ ಗುಂಡಿ ತೆಗೆಸಿ, ಕೂರಿಸುವವರಿಗೆ ಮಾಡುವಂತೆ ಒಳಗೆ ಗೂಡು ಕೊರೆಸಿದರು. ಗೂಡಿನಲ್ಲಿ ವಿಭೂತಿ ಗಟ್ಟಿ, ಪತ್ರೆ, ಮತ್ತು ಹೊಸ್ತಿಲಿಂದ ಕೆರೆದು ಬಿಳಿ ಬಟ್ಟೆಯಲ್ಲಿ ಕಟ್ಟಿದ ಉಪ್ಪನ್ನು ಇಟ್ಟರು. ಅಯ್ಯನವರು ಉಪ್ಪು ಯಾಕೆಂದು ಕೇಳಲಿಲ್ಲ. ನೆಂಟರು ಒಬ್ಬೊಬ್ಬರಾಗಿ ಮಣ್ಣು ಹಾಕಿದರು. ಇಂದುಧರ ಹಾಕಿದರು. ತ್ರಿಶಲಾ ತನಗೆ ಅದು ಸಲ್ಲುತ್ತದೋ ಇಲ್ಲವೋ ಎಂದು ಹಿಂದೆ ನಿಂತಿದ್ದಳು. ಸುಮಿತ್ರಮ್ಮ ಬಂದು ಕೈ ಹಿಡಿದು ಕರೆದುಕೊಂಡು ಹೋಗಿ ಅವಳ ಕೈಯಿಂದಲೂ ಹಾಕಿಸಿದಳು.

ಎಲ್ಲ ಮುಗಿದ ಮೇಲೆ ತ್ರಿಶಲಾ, ಸುಮಿತ್ರಮ್ಮ ಇಬ್ಬರೂ ಬದುವಿನ ಮೇಲೆ ರಸ್ತೆಯ ಕಡೆಗೆ ನಡೆದರು. ಸುಮಿತ್ರಮ್ಮ ನಿರಾಳವಾಗಿ ಹೆಜ್ಜೆ ಹಾಕುತ್ತಿದ್ದಳು. ರಾತ್ರಿ ಚೆನ್ನಾಗಿ ನಿದ್ದೆ ಬಂತೆಂದಳು, ಎಮ್ಮೆ ಈ ತಿಂಗಳು ಈಯುತ್ತದೆ ಎಂದಳು. ದೂರದಲ್ಲಿ ಬಸ್ಸಿನ ಧೂಳು ಕಂಡಾಗ ನಿಂತು ತ್ರಿಶಲಾಳ ಮುಖ ನೋಡಿದಳು.

"ಒಂದು ಕೇಳ್ತೀನಿ, ನಿಜ ಹೇಳವ್ವ. ಆ ಮಿಸಿನ್ನಾಗೆ ಈಗ ಇನ್ಯಾರೂ ಇಲ್ಲ ತಾನೆ?"

"ಇಲ್ಲ ಸುಮಿತ್ರಮ್ಮ" ಎಂದಳು ತ್ರಿಶಲಾ.

ಬಸ್ಸು ಬಂದು ನಿಂತಿತು. ತ್ರಿಶಲಾ ಹತ್ತಿ ಕಿಟಕಿಯ ಪಕ್ಕ ಕೂತು, ಮೊದಲ ಸಲ ಹಿಮ ಹಾಕಿದಾಗ ತಮ್ಮ ಊರೂ ಅದರ ಅಡಿಯಲ್ಲಿತ್ತಲ್ಲ, ತಾನು ಕೊಟ್ಟ ಉತ್ತರ ಸರಿಯೇ ಎಂದು ಯೋಚಿಸುತ್ತ ಹಳೇಬೀಡಿಗೆ ಟಿಕೆಟ್ ತೆಗೆದುಕೊಂಡಳು.